ಗಬ್ಬದ ಕುರಿಯ ಸನ್ನೆ

ನಮ್ಮ ದೊಡ್ಡಪ್ಪನ ಮಗಳಿಗೆ ಹುಟ್ಟಿನಿಂದ ಕಿವಿ ಕೇಳಿಸದು, ಮಾತೂ ಇಲ್ಲ. ಅಕ್ಕನನ್ನು ಯಾವ ಶಾಲೆಗೂ ಕಳಿಸಲಿಲ್ಲ. ಕುರಿ ಸಾಕುವ ಮನೆ. ಅವಳೊಂದಿಗಿನ ಸನ್ನೆಗಳೂ ಕುರಿಹಟ್ಟಿಯಲ್ಲೇ ಹುಟ್ಟಿದವು. ಹೊಟ್ಟೆಯ ಕೆಳಗೆ ಅಂಗೈ ಆನಿಸಿ ಮೆಲ್ಲಗೆ ಎತ್ತಿದರೆ ಗಬ್ಬದ ಕುರಿ. ಎರಡು ಬೆರಳು ಹಿಸುಕಿದರೆ ಬೀಜ ಒಡೆಸಿದ ಟಗರು. ಹೆಣ್ಣಿನ ಬಸಿರಿಗೆ ಸನ್ನೆಯನ್ನೇ ಯಾರೂ ಮಾಡಿಕೊಟ್ಟಿರಲಿಲ್ಲ.

ತೆಲಿಗಿಯಲ್ಲಿ ಪಂಪ್‌ಸೆಟ್ಟಿನ ಮೋಟಾರು ರಿಪೇರಿ ಮಾಡುವವನೊಬ್ಬನಿದ್ದ. ಪೋಲಿಯೊದಿಂದ ಒಂದು ಕಾಲು ಸೊರಗಿತ್ತು. ಭುಜ ಒಂದು ಕಡೆ ವಾಲಿಸಿದರೆ ಅದು ಅಕ್ಕ ಅವನನ್ನು ಕರೆಯುವ ಹೆಸರು. ಮದುವೆ ಮಾಡಿಕೊಡಿ ಎಂದು ಅವನೇ ಬಂದು ಕೇಳಿದಾಗ ಅವಳ ಅಣ್ಣ ನಕ್ಕುಬಿಟ್ಟ.

"ಮೂಗಿ, ಕುಂಟ ಕೂಡಿದ್ರ ಹುಟ್ಟೋದೇನಪಾ, ಅರ್ಧ ಮನಿಷ್ಯಾ?"

ಆಮೇಲೊಂದು ಮಧ್ಯಾಹ್ನ ನಾನು ಹೋದಾಗ ಅಕ್ಕ ಬಚ್ಚಲಲ್ಲಿ ಬಿದ್ದಿದ್ದಳು. ಲಂಗ, ಕಲ್ಲು, ಎಲ್ಲ ರಕ್ತ.

"ಬಸರು ಇಳೀಲಿ ಅಂತ ಗುಳಿಗಿ ಕೊಟ್ಟೀನವ್ವ," ದೊಡ್ಡವ್ವ ಸೆರಗಿನಿಂದ ರಕ್ತ ಒರೆಸುತ್ತಿದ್ದಳು. "ಹೊಟ್ಟಿನೋವಿಗೆ ಅಂತ ನುಂಗ್ಸೀನಿ. ಮೆಡಿಕಲ್‌ನವ ಏನೂ ಆಗಂಗಿಲ್ಲ ಅಂದಿದ್ದ."

ಆಟೋದಲ್ಲಿ ಹರಪನಹಳ್ಳಿಗೆ ಹೊರಟೆವು. ಅವಳ ತಲೆ ನನ್ನ ತೊಡೆಯ ಮೇಲಿತ್ತು. ಈಗಲೂ ಆ ದಾರಿಯ ಗುಂಡಿಗಳು ಬಂದರೆ ನನ್ನ ಕೈ ತಾನಾಗಿ ಮಡಿಲು ಹಿಡಿದುಕೊಳ್ಳುತ್ತದೆ.

ಎಷ್ಟು ತಿಂಗಳು ಎಂದು ಡಾಕ್ಟರು ಕೇಳಿದ್ದು ದೊಡ್ಡವ್ವನನ್ನು. ಅಕ್ಕನ ಕಡೆ ಯಾರೂ ತಿರುಗಲಿಲ್ಲ. ನಾನು ಅವಳೆದುರು ಗಬ್ಬದ ಕುರಿಯ ಸನ್ನೆ ಮಾಡಿದೆ. ಬಿಳಿಚಿದ ಮುಖದಲ್ಲಿ ನಗು ಬಂತು. ಭುಜ ವಾಲಿಸಿದಳು, ಹೊಟ್ಟೆಯ ಕೆಳಗೆ ಅಂಗೈ ಇಟ್ಟಳು, ಹುಬ್ಬೇರಿಸಿದಳು. ಇನ್ನೂ ಇದೆಯಲ್ಲ?

ಇರಲಿಲ್ಲ.

"ಗರ್ಭಕೋಶನ ತೆಗೆದ್ಬಿಡ್ರಿ ಡಾಕ್ಟ್ರೇ," ಅಂದ ಅಣ್ಣ. "ಮುಂದ ರಗಳಿನ ಬ್ಯಾಡ."

"ಅಕಿನ್ನ ಕೇಳಣ್ಣ," ಅಂದೆ.

"ಕಾಲೇಜು ಕಲ್ತಾಕಿ ಬಂದ್ಲು ನೋಡ್ರಿ! ಅಕಿಗೇನ್ ತಿಳಿತೈತಿ ಲೇ?"

ಡಾಕ್ಟರು ಒಪ್ಪಲಿಲ್ಲ. ಜೀವ ಉಳಿಯಿತು. ನಾನು ಕೊಟ್ಟೂರಿನ ಕೆಲಸಕ್ಕೆ ಮರಳಿದ ಮೇಲೆ ಅಣ್ಣ ಅವಳನ್ನು ಬೇರೆ ಊರಿನ ನರ್ಸಿಂಗ್ ಹೋಮಿಗೆ ಕರೆದೊಯ್ದ. ಗರ್ಭಕೋಶ ತೆಗೆಸಿದ. ಮುಷ್ಟಿ ತೋರಿಸಿ, ಒಳಗೆ ಗಡ್ಡೆ ಇದೆ ಎಂದು ಅವಳನ್ನು ನಂಬಿಸಿದ್ದರು.

ಮೊನ್ನೆ ಹೋಗಿದ್ದೆ. ಹೊಲಿಗೆಯ ಗೆರೆ ತೋರಿಸಿ, ಮುಷ್ಟಿ ಬಿಚ್ಚಿ ಗಡ್ಡೆಯನ್ನು ಗಾಳಿಗೆ ಎಸೆದಳು. ಭುಜ ವಾಲಿಸಿದಳು. ಹೊಟ್ಟೆಯ ಕೆಳಗೆ ಅಂಗೈ ಆನಿಸಿ, ಮತ್ತೆ ಯಾವಾಗ ಎಂದು ಕೇಳಿದಳು.

ಅವಳಿಗೆ ಮಾಡಿದ್ದನ್ನು ಹೇಳಲು ಆ ಮನೆಯಲ್ಲಿರುವುದು ಒಂದೇ ಸನ್ನೆ, ಬೀಜ ಒಡೆಸಿದ ಟಗರಿನದು. ಬೆರಳು ಮಡಚಿ ವೇಲಿನೊಳಗೆ ಇಟ್ಟುಕೊಂಡೆ. ಅವಳು ಹುಬ್ಬೇರಿಸಿ ಕಾಯುತ್ತಲೇ ಇದ್ದಳು.