ಜರ್ಮನಿಯಿಂದ ಹಾಕಿದ ಫೋಟೊ

ಗುಟ್ಟು ಕಾಯುವ ತ್ರಾಣ ನನಗಿನ್ನು ಇಲ್ಲ. ಒಂದು ಫೋಟೊದ ಗುಟ್ಟು ಕಾಯಲು ಹೋಗಿ ಹೈರಾಣಾಗಿದ್ದೇನೆ.

ನನ್ನದು ರಾಯದುರ್ಗ. ಮಡಕಶಿರದ ಶಾಲೆಯಲ್ಲಿ ಕನ್ನಡ ಮೇಷ್ಟ್ರು. ಹೆಂಡತಿ ಈ ಊರಿನವಳೇ. ಹಿತ್ತಲಿನ ಶೆಡ್ಡಿನಲ್ಲಿ ಅವಳು ರೇಷ್ಮೆಹುಳು ಸಾಕುತ್ತಾಳೆ. ಮೊಟ್ಟೆ ತರಿಸಿ, ಮರಿ ಮಾಡಿಸಿ ಮಾರುವವನು ಅವಳ ತಮ್ಮ. ಊರಿನ ಅರ್ಧ ಜನಕ್ಕೂ ಅವನೇ. ಮೂರು ಸಲ ತಂದ ಹುಳುಗಳೂ ರೋಗ ಬಂದು, ಊದಿಕೊಂಡು ಸತ್ತವು.

"ಮರಿಯೊಳಗ ರೋಗ ಐತಿ, ಅವನ್ನ ಕೇಳು" ಎಂದೆ. ಹೆಂಡತಿ ಕೈ ಮುಗಿದಳು: "ತವರು ಅಂತ ನಂಗಿರೋನು ಅವನೊಬ್ನೇ ಕಣ್ರೀ. ಬಾಯಿ ಬಿಡಬ್ಯಾಡಿ."

ಬಾಯಿ ಬಿಡಲಿಲ್ಲ. ಆದರೆ ಬೇರೆಯವರ ಹುಳುವೂ ಸಾಯುತ್ತಿದ್ದರೆ ಸುಮ್ಮನಿರುವುದು ಹೇಗೆ? ನಮ್ಮ ವಿಜ್ಞಾನದ ಮೇಷ್ಟ್ರು ನನ್ನ ಫೋನಿಗೆ ವಿಪಿಎನ್ ಹಾಕಿಕೊಟ್ಟರು. "ಇದನ್ನ ಆನ್ ಮಾಡಿದ್ರೆ ನೀವು ಜರ್ಮನಿಯಾಗೆ ಇದ್ದಂಗೆ ಕಾಣ್ತೀರ ಸಾರ್. ಹಿಡಿಯೋಕೆ ಯಾರ ಕೈಲೂ ಆಗಲ್ಲ." ಸುಳ್ಳು ಹೆಸರಿನಲ್ಲಿ, ರೇಷ್ಮೆ ಬೆಳೆಗಾರರ ಆನ್‌ಲೈನ್ ಗುಂಪಿನಲ್ಲಿ, ಅವನ ಹತ್ತಿರ ಮರಿ ತರಬೇಡಿ ಎಂದು ಬರೆದು ಸತ್ತ ಹುಳುಗಳ ಫೋಟೊ ಹಾಕಿದೆ. ಕಾಫಿ ಆರುವ ಮೊದಲೇ ಭಾಮೈದನ ಫೋನು ಬಂತು.

"ಭಾವ, ತಟ್ಟೆ ತುಂಬಾ ನಿಮ್ಮ ಕೆಂಪು ಇಂಕೇ ಐತಲ್ಲ?"

ಹುಳುವಿನ ತಟ್ಟೆಗೆ ಇಲ್ಲಿ ಎಲ್ಲರೂ ಹಳೇ ಪೇಪರು ಹಾಸುತ್ತಾರೆ. ನಮ್ಮ ಮನೆಯಲ್ಲಿ ಹಾಸುವುದು ನಾನು ತಿದ್ದಿದ ಉತ್ತರ ಪತ್ರಿಕೆ. ಫೋಟೊ ನೋಡಿದೆ. ಸತ್ತ ಹುಳುವಿನ ಪಕ್ಕದಲ್ಲೇ ನನ್ನ ಅಕ್ಷರ: 'ಗಮನವಿಟ್ಟು ಬರೆ.' ಥೂ, ನನ್ನ ಬುದ್ಧಿಗಿಷ್ಟು! ಜರ್ಮನಿಯಂತೆ ಜರ್ಮನಿ. ವಿಪಿಎನ್ ಪಾಪ, ಬಂದ ದಾರಿ ಮುಚ್ಚಿತ್ತು. ತಟ್ಟೆಯಲ್ಲಿ ಏನಿದೆ ಎಂದು ಅದು ನೋಡೀತೆ?

ಅಳಿಸುತ್ತೇನೆ ಎಂದೆ. "ಇರ್ಲಿ ಬಿಡಿ. ಎದುರಿಗೆ ಬಂದು ಬೈದಿದ್ರೆ ನಿಮ್ಮ ಕಾಲಿಗೆ ಬೀಳ್ತಿದ್ದೆ" ಎಂದು ಫೋನಿಟ್ಟ. ನಾನು ಬರೆದದ್ದು ನಿಜವೇ. ಆಮೇಲೆ ಅವನು ಮೊಟ್ಟೆ ತರಿಸುವ ಕಡೆಯನ್ನೇ ಬದಲಿಸಿದ. ನಮ್ಮ ಮನೆಗೆ ಬರುವುದನ್ನೂ ನಿಲ್ಲಿಸಿದ.

ಗೌರಿ ಹಬ್ಬಕ್ಕೆ ಪ್ರತಿ ವರ್ಷ ಅಕ್ಕನಿಗೆ ಬಳೆ ತರುತ್ತಿದ್ದವನು ಈ ಸಲ ಬರಲಿಲ್ಲ. ಹೆಂಡತಿ ಮಧ್ಯಾಹ್ನದವರೆಗೂ ಬಾಗಿಲು ನೋಡಿದಳು. ಆಮೇಲೆ, "ಬಳೆ ಅಂಗಡಿಗೆ ಕರ್ಕೊಂಡೋಗಿ" ಎಂದಳು. ಸ್ಕೂಟರಿನಲ್ಲಿ ಕರೆದೊಯ್ದೆ. ನನಗೆ ಅವಳ ಮುಖ ನೋಡಲು ಆಗಲಿಲ್ಲ.

ಸಂಜೆ ಎದುರುಮನೆಯಾಕೆ ಅರಿಶಿನ ಕುಂಕುಮಕ್ಕೆ ಬಂದು, "ಹೊಸ ಬಳೆ!" ಎಂದಳು.

"ನನ್ ತಮ್ಮ ಕಳ್ಸಿದ್ದು" ಎಂದಳು ಹೆಂಡತಿ.

ಅಂಗಡಿಯಲ್ಲಿ ಆಕೆ ನಮ್ಮ ಹಿಂದೆಯೇ ನಿಂತಿದ್ದಳು. ನಾನು ನೋಡಿದ್ದೆ, ಹೆಂಡತಿ ನೋಡಿರಲಿಲ್ಲ. ಆಕೆ ಬಳೆಗಳನ್ನು ಮುಟ್ಟಿ, "ಚೆನ್ನಾಗವೆ ಕಣಮ್ಮ. ಅಂಥಾ ತಮ್ಮನ್ನ ಪಡಿಯಾಕೆ ಪುಣ್ಯ ಮಾಡಿರ್‌ಬೇಕು" ಎಂದಳು.