ಹದ್ದಿನ ಪಾಲು

ಈ ಬೆಳಿಗ್ಗೆ ಬೀದರಿನ ನೌಬಾದದ ನಮ್ಮ ಪಾರ್ಕಿನಲ್ಲಿ ಮೊದಲ ಸುತ್ತು ಮುಗಿಯುವ ಮುನ್ನವೇ ಒಂದು ನೆರಳು ಕಾಲ ಮೇಲೆ ಹಾದುಹೋಯಿತು. ತಲೆ ಎತ್ತಿದರೆ ಹದ್ದು. ಹಾರುತ್ತಲೇ ಕಾಲನ್ನು ಕೊಕ್ಕಿನ ತನಕ ತಂದು, ಹಿಡಿದದ್ದನ್ನು ಹರಿದು ತಿನ್ನುತ್ತಿತ್ತು. ಕೂತು ಉಣ್ಣುವಷ್ಟೂ ಪುರುಸೊತ್ತಿಲ್ಲದ ಜೀವ. ನೀವೂ ಒಮ್ಮೆ ನಿಂತು ನೋಡಿ. ವಾಕಿಂಗ್ ಹೆಸರಿನಲ್ಲಿ ನಾನು ನಡೆಯುವುದಕ್ಕಿಂತ ನಿಲ್ಲುವುದೇ ಹೆಚ್ಚು. ತೂಕ ಇಳಿಯದ್ದಕ್ಕೆ ಹದ್ದುಗಳೇ ಹೊಣೆ.

ಹದ್ದನ್ನು ತೀರ ಹತ್ತಿರದಿಂದ ಕಂಡದ್ದು ಹೋದ ವರ್ಷ. ನೆರೆಮನೆಯ ಶಹನಾಜ್ ಆಪಾ ಅಂದು ವಾಕಿಂಗಿಗೆ ಸ್ಟೀಲ್ ಡಬ್ಬಿ ಹಿಡಿದು ಬಂದಿದ್ದರು. ಅವರ ತಂಗಿ ರಾಬಿಯಾಗೆ ಆ ದಿನ ಭಾಲ್ಕಿಯಲ್ಲಿ ಆಪರೇಷನ್. ಕಾಯಿಲೆಯವರ ತಲೆಗೆ ನಿವಾಳಿಸಿದ ಮಾಂಸವನ್ನು ಹದ್ದಿಗೆ ಸದ್ಕಾ ಎಂದು ದಾನ ಹಾಕಿದರೆ ಕೆಡುಕು ಅದರ ಸಂಗಡ ಹೋಗುತ್ತದೆಂದು ಅವರ ಮನೆಯ ನಂಬಿಕೆ. ಹಿಂದಿನ ಸಂಜೆಯೇ ಭಾಲ್ಕಿಗೆ ಹೋಗಿ ತಂಗಿಯ ತಲೆಗೆ ನಿವಾಳಿಸಿಕೊಂಡು ಬಂದಿದ್ದರು.

ತುಂಡುಗಳನ್ನು ಒಂದೊಂದಾಗಿ ಬೇವಿನ ಕೆಳಗಿನ ಕಟ್ಟೆಯ ಮೇಲಿಟ್ಟರು. ಹದ್ದುಗಳು ಮೇಲೆಯೇ ತಿರುಗುತ್ತಿದ್ದವು, ಇಳಿದದ್ದು ಕಾಗೆಗಳು. ಡಬ್ಬಿಯಲ್ಲಿ ಒಂದೇ ತುಂಡು ಉಳಿದಾಗ ಆಪಾ ಮುಖ ಸಣ್ಣ ಮಾಡಿಕೊಂಡರು.

"ಹದ್ದು ತಿರುಗಿ ಸೈತ ನೋಡವಲ್ದು. ನಮ್ಮ ರಾಬಿಯಾಗ ಏನ ಕಾದದೋ!"

ದಿನಾ ನೋಡಿ ನೋಡಿ ನನಗೊಂದು ತಿಳಿದಿತ್ತು. "ಮರದ ಕೆಳಗ ಅದು ಇಳಿಯಲ್ರಿ ಆಪಾ. ಗಾಳಿಗಿ ಎದುರ ಬರ್ತದ, ಕಾಲಿಲಿಂದ ಹಿಡ್ಕೊಂಡು ಹೋಗ್ತದ. ಬಯಲಿಗಿ ಬರ್ರಿ, ಮ್ಯಾಲ ಒಗೀರಿ."

"ಹ್ಯಾಂಗ ಒಗೀಲಿ? ಈ ಕೈ ಎತ್ತಿ ತಲಿ ಬಾಚ್ಕೊಳ್ಳಲಕ ಬರಲ್ಲ. ನೀನೇ ಒಗಿ."

ಮನೆಯಲ್ಲಿ ತತ್ತಿಯನ್ನೂ ಮುಟ್ಟದವಳು ನಾನು, ಕೊರಳಲ್ಲಿ ಲಿಂಗ. "ನನ್ನ ಕೈಲಿಂದ ನಡೀತದೇನ್ರಿ?"

"ಹದ್ದು ನಿನ್ನ ಜಾತಿ ಕೇಳಿ ತಿಂತದೇನು? ಒಗಿ ಲಗೂ!"

ಮುಟ್ಟಿದೆ. ತಣ್ಣಗೆ, ಜಾರುವಂತಿತ್ತು. ಕಣ್ಣು ಮುಚ್ಚಿದ್ದರೆ ಸುಲಭವಾಗುತ್ತಿತ್ತು. ಆದರೆ ಅದು ಹಿಡಿಯುವುದನ್ನು ನೋಡಬೇಕಲ್ಲ! ಬಯಲಿಗೆ ಹೋಗಿ ಎಸೆದೆ. ಒಂದು ಹದ್ದು ರೆಕ್ಕೆ ಮಡಚಿ ಬಿದ್ದಂತೆ ಬಂತು, ಬಾಲ ತಿರುವಿತು, ಕಾಲು ಮುಂದೆ ಚಾಚಿತು. ರೆಕ್ಕೆಯ ಗಾಳಿ ಕಿವಿಗೆ ಬಡಿಯಿತು. ತುಂಡು ಕೆಳಗೆ ಬೀಳಲೇ ಇಲ್ಲ.

"ತಗೊಂತಲ್ಲ? ಅದೇ ತಗೊಂತಲ್ಲ?" ಆಪಾ ನನ್ನ ತೋಳು ಹಿಡಿದು ಕೇಳುತ್ತಲೇ ಇದ್ದರು. ನನಗೆ ಬರೀ ಆ ಉಗುರುಗಳೇ ಕಣ್ಣಲ್ಲಿ. ಕೈ ತೊಳೆಯಬೇಕೆಂಬುದು ನೆನಪಾದದ್ದು ಮನೆಯ ಬಾಗಿಲಲ್ಲಿ.

ಈಗ ರಾಬಿಯಾ ಬೀದರಿಗೆ ಬಂದಾಗಲೆಲ್ಲ ನಮ್ಮಿಬ್ಬರ ನಡುವೆ ನಡೆಯುತ್ತಾಳೆ. ಉಳಿಸಿದ್ದು ಡಾಕ್ಟರ ಕೈಗುಣ ಎಂದು ಅವಳು, ಹದ್ದು ಎಂದು ಆಪಾ. ಇಂದೂ ಅದೇ ಜಗಳ. ಕಡೆಗೆ ನನ್ನತ್ತ ತಿರುಗಿದಳು: "ಎಲ್ಲಿ ಒಗದಿದ್ದಿ ಅಕ್ಕಾ, ಜಾಗ ತೋರಸು ನೋಡೋಣ."

ನೆಲದ ಮೇಲೆ ತೋರಿಸುವಂಥದ್ದೇನೂ ಇರಲಿಲ್ಲ. ಬೆರಳನ್ನು ಮೇಲಕ್ಕೆ ಮಾಡಿದೆ.