ವಾಸನೆ ಕಳೆದುಕೊಂಡ ಬೇಕರಿಯಾಕೆ

ಬೇಕರಿಯಲ್ಲಿ ಒಲೆ ನೋಡಿಕೊಳ್ಳುವ ಕೆಲಸ ಆಕೆಯದು. ಬ್ರೆಡ್ಡು ಬೆಂದಿತೇ ಎಂದು ಗಡಿಯಾರ ನೋಡಿದವಳಲ್ಲ. ಹಿಟ್ಟು ನಾದುತ್ತಿದ್ದವಳು ಹಾಗೇ ಮೂಗರಳಿಸಿ, "ತೆಗೀರಪ್ಪ, ಆಯ್ತು" ಅಂದರೆ ಆಯಿತು. ರಜೆ ಸಿಕ್ಕಿದಾಗ ಆ ಮೂಗು ಕಾಡಿನ ದಾರಿ ಹಿಡಿಯುತ್ತಿತ್ತು. ಗಂಡ ಬೀಗ ರಿಪೇರಿ ಮಾಡುವವನು, ಬೀದಿ ಮೂಲೆಯಲ್ಲಿ ಗೂಡಂಗಡಿ. ಇಬ್ಬರೂ ಟೆಂಟು, ಒಂದು ಪಾತ್ರೆ, ಒಂದಿಷ್ಟು ಅಕ್ಕಿ ಕಟ್ಟಿಕೊಂಡು ಹೊಳೆಯ ದಡಕ್ಕೆ ಹೋಗಿ ತಂಗುವರು. ಸೊಪ್ಪು ಹುಡುಕುವುದು ಆಕೆಯ ಪಾಲು, ಪಾತ್ರೆ ತಿಕ್ಕುವುದು ಆತನ ಪಾಲು. ಗೋಣಿಸೊಪ್ಪು, ಹುಳಿಸೊಪ್ಪು, ಕಾಡುಪುದೀನ ಎಲ್ಲವನ್ನೂ ಆಕೆ ಅಮ್ಮನ ಸೆರಗು ಹಿಡಿದು ನಡೆದಾಗಲೇ ಕಲಿತಿದ್ದಳು. ಆತನಿಗೆ ಮಾತ್ರ ಎಲ್ಲವೂ ಬರೀ ಎಲೆ.

ಒಮ್ಮೆ ಬಂದ ಜ್ವರ ಬಿಟ್ಟುಹೋಗುವಾಗ ಆಕೆಯ ಮೂಗಿಗಿದ್ದ ವಾಸನೆ ಹಿಡಿಯುವ ಶಕ್ತಿಯನ್ನೂ ಹೊತ್ತುಕೊಂಡು ಹೋಯಿತು. ಆಕೆ ಒಲೆಗೆ ಬೆನ್ನು ಹಾಕಿ ಹಿಟ್ಟು ನಾದುತ್ತಿದ್ದಾಗ ಒಲೆಯ ತುಂಬ ಬ್ರೆಡ್ಡು ಕರಕಲಾಯಿತು. ಮುಂದಿನ ಕೋಣೆಯವರು ಹೊಗೆ ಅಂತ ಕೂಗಿದಾಗಲೇ ಆಕೆಗೆ ಗೊತ್ತಾದದ್ದು. ಮಾಲೀಕರು ಬೈಯಲಿಲ್ಲ, ಬ್ರೆಡ್ಡಿಗೆ ಕಾಗದ ಸುತ್ತುವ ಮೇಜಿಗೆ ಹಾಕಿದರು. ಬೈದಿದ್ದರೇ ವಾಸಿಯಿತ್ತು ಅನ್ನಿಸಿತು ಆಕೆಗೆ. "ತಾನಾಗೇ ಬರಬಹುದು, ಕಾಯಬೇಕು" ಅಂದರು ಡಾಕ್ಟರು. ಟೆಂಟು ಅಟ್ಟ ಸೇರಿತು.

ಕೊನೆಗೊಂದು ದಿನ ಗಂಡ ಅದನ್ನು ಇಳಿಸಿ ಧೂಳು ಕೊಡವಿದ.

"ಮೂಗಿಲ್ಲದೋಳು ಬಂದು ಏನ್ ಮಾಡ್ಲಿ? ಸಿಕ್ಕಿದ್ದು ಕಿತ್ತು ನಿಮಗೆ ವಿಷ ಹಾಕ್ಲಾ?"

"ಸೊಪ್ಪು ಬೇಡ ಬಿಡೆ. ಅನ್ನಕ್ಕೆ ಉಪ್ಪು ಕಲಸಿಕೊಂಡು ತಿನ್ನೋಣ. ನನ್ನ ತಂಗಿನೂ ಬರ್ತಾಳಂತೆ."

ತಂಗಿ ಬಂದಳು, ಜೊತೆಗೊಂದು ಡಬ್ಬಿ ತುಂಬ ಕರಿದ ತಿಂಡಿ ತಂದಳು. ಹೊಳೆ ನೋಡುತ್ತಾ ಕೂತು ಮುಕ್ಕಾಲು ಡಬ್ಬಿ ತಾನೇ ಖಾಲಿ ಮಾಡಿದಳು. ಸಂಜೆ ಹೊತ್ತಿಗೆ ಹೊಟ್ಟೆ ಹಿಡಿದುಕೊಂಡು ಟೆಂಟಿನೊಳಗೆ ಮುದುಡಿದಳು.

"ಅತ್ತಿಗೆ, ಅವತ್ತು ಪುದೀನ ನೀರು ಕಾಯಿಸಿ ಕೊಟ್ಟಿದ್ರಲ್ಲ, ಅದೇ ಕೊಡಿ. ತಡೆಯೋಕಾಗ್ತಿಲ್ಲ."

ಹೊಳೆಯ ಅಂಚಿನ ಕೆಸರಲ್ಲಿ ಆಕೆ ಗಿಡ ಗುರುತಿಸಿದಳು. ಚೌಕ ಕಾಂಡ, ಎದುರುಬದುರು ಎಲೆ. ಆದರೆ ಅದೇ ಚಹರೆಯ ಗಿಡಗಳು ಪಕ್ಕದಲ್ಲಿ ಇನ್ನೂ ಇದ್ದವು. ಚಾಚಿದ ಕೈ ಹಿಂದಕ್ಕೆ ಬಂತು.

"ನೋಡೋಕೆ ಇದೇ ರೀ. ಆದ್ರೆ ಮೂಸದೆ ನಾನು ಯಾರಿಗೂ ಕೊಡಲ್ಲ."

"ನನ್ನ ಮುಖದ ಮೇಲಿರೋದು ಏನು ಮತ್ತೆ, ಬೀಗಾನಾ? ಕೊಡು ಇಲ್ಲಿ."

ಆಕೆ ಎಲೆ ಹಿಸುಕಿ ಆತನ ಮೂಗಿಗೆ ಹಿಡಿದಳು. ಆತ ಕಣ್ಣು ಮುಚ್ಚಿ, ಬೀಗದೊಳಗೆ ಕೀಲಿಯ ಸದ್ದಿಗೆ ಕಿವಿಗೊಡುವವನಂತೆ ನಿಂತ.

"ಹಸಿರು ವಾಸನೆ."

"ಹಸಿರಿಗೆ ಎಂಥ ವಾಸನೇರೀ! ಯಾವುದರ ಹಾಗಿದೆ ಹೇಳಿ."

"ಒದ್ದೆ ಚಾಪೆ ಹಾಗೆ."

"ಬಿಸಾಕಿ."

ಮುಂದಿನದು ಹಳೇ ಸೋಪಾಯಿತು. ಅದರ ಮುಂದಿನದಕ್ಕೆ ಆತ ಸೀನಿದ. ಆಮೇಲೊಂದನ್ನು ಮೂಸಿದ್ದೇ ತಡ, ಆತನ ಹುಬ್ಬು ಮೇಲೇರಿತು.

"ಹಲ್ಲುಪುಡಿ ಡಬ್ಬಿ ತೆಗೆದ ಹಾಗಿದೆ ಕಣೇ! ಮೂಗೊಳಗೆಲ್ಲ ತಣ್ಣಗಾಯ್ತು."

ಆಕೆ ನಗತೊಡಗಿದಳು. ಜ್ವರ ಬಿಟ್ಟ ಮೇಲೆ ಅಷ್ಟು ನಕ್ಕಿರಲಿಲ್ಲ. ಆದರೂ ಒಂದೊಂದು ಚಿಗುರನ್ನೂ ಆತನಿಂದ ಮೂಸಿಸಿಯೇ ಪಾತ್ರೆಗೆ ಹಾಕಿದಳು. ಬಿಸಿನೀರು ಕುಡಿದ ತಂಗಿ ಜೋರಾಗಿ ತೇಗಿ, "ಬದುಕಿದೆ" ಅಂತ ಎದ್ದು ಕೂತಳು.

ಬೆಳಿಗ್ಗೆ ಆಕೆಯೇ ಮೊದಲು ಎದ್ದು ಗೋಣಿಸೊಪ್ಪು ಹುಡುಕಿ ತಂದಳು. ದಪ್ಪ ಎಲೆ, ಕೆಂಪು ದಂಟು. ದಂಟು ಮುರಿದರೆ ಹಾಲು ಬರಬಾರದು, ಬಂದರೆ ಅದು ಬೇರೆ ಗಿಡ. ಇದಕ್ಕೆ ಕಣ್ಣೇ ಸಾಕಿತ್ತು. ಬೇಯಿಸಿ ಅನ್ನಕ್ಕೆ ಕಲಸಿದರು. ನಾಲಿಗೆಯ ಮೇಲೆ ತೆಳ್ಳಗೆ ಹುಳಿ ತಾಕಿತು. ಇಷ್ಟಾದರೂ ಉಳಿದಿದೆಯಲ್ಲ ಎಂದುಕೊಂಡು ಆಕೆ ಇನ್ನೊಂದು ತುತ್ತು ತೆಗೆದುಕೊಂಡಳು.

ವಾಸನೆ ಆಮೇಲೆ ಬಂತು, ಒಂದೇ ಸಲಕ್ಕಲ್ಲ. ಮೊದಲು ಸೀಮೆಎಣ್ಣೆ, ಬಳಿಕ ಈರುಳ್ಳಿ, ಬಹಳ ತಡವಾಗಿ ಬ್ರೆಡ್ಡು. ಮಾಲೀಕರು ಮತ್ತೆ ಒಲೆಯ ಮುಂದೆ ನಿಲ್ಲಿಸಿದರು. ಮುಂದಿನ ಸಲ ಹೊಳೆದಡದಲ್ಲಿ ಆಕೆ ಪುದೀನವನ್ನು ತಾನೇ ಮೂಸಿ ಬುಟ್ಟಿಗೆ ಹಾಕಹೋದಳು. ಗಂಡ ಕೈ ಚಾಚಿದ.

"ತಡಿ ತಡಿ, ನಾನು ನೋಡಿಲ್ಲ ಇನ್ನೂ."

"ನಂಗೆ ಗೊತ್ತಾಗುತ್ತೆ ಈಗ."

"ಗೊತ್ತಾಗ್ಲಿ. ನಾನು ಕಲಿತಿದ್ದು ಸುಮ್ನೆ ಹೋಗ್ಬೇಕಾ?"

ಆಕೆ ಚಿಗುರನ್ನು ಆತನ ಮೂಗಿಗೆ ಹಿಡಿದು, ತೀರ್ಪಿಗೆ ಕಾದು ನಿಂತಳು.